ಡಬಲ್ಸ್ ಟೆನಿಸ್: ಎಲ್ಲಿ ನಿಲ್ಲಬೇಕು, ಯಾವಾಗ ಸರಿಯಬೇಕು

ಹೊಡೆತ ಚೆನ್ನಾಗಿದ್ದೂ ಡಬಲ್ಸ್‌ನಲ್ಲಿ ಮತ್ತೆ ಮತ್ತೆ ಸೋಲುವ ಜೋಡಿಗಳನ್ನು ಗಮನಿಸಿ. ಚೆಂಡು ಹೊಡೆಯುವವರು ಓಡಾಡುತ್ತಿರುತ್ತಾರೆ, ಇನ್ನೊಬ್ಬರು ಇದ್ದಲ್ಲೇ ನಿಂತು ನೋಡುತ್ತಿರುತ್ತಾರೆ. ಪಾಯಿಂಟ್ ಹೋಗುವುದು ಆ ಎರಡನೆಯವರು ಮುಚ್ಚದೆ ಬಿಟ್ಟ ಜಾಗದಲ್ಲಿ. ಹಾಗಾಗಿ ಇಲ್ಲಿ ಹೇಳಿರುವುದರಲ್ಲಿ ಹೆಚ್ಚಿನದು ಆ ಹೊತ್ತಿಗೆ ಚೆಂಡು ಹೊಡೆಯದವರ ಕಾಲು ಮತ್ತು ಕಣ್ಣಿನ ಕೆಲಸದ ಬಗ್ಗೆಯೇ. ಹಂತಗಳನ್ನು ಕೊಟ್ಟಿರುವ ಕ್ರಮದಲ್ಲೇ ಕಲಿಯಿರಿ. ನಿಲ್ಲುವ ಜಾಗ ಸರಿಯಾಗುವ ಮೊದಲೇ ಪೋಚಿಂಗ್‌ಗೆ (ಜೊತೆಗಾರರ ಚೆಂಡನ್ನು ನೆಟ್ ಬಳಿ ಅಡ್ಡಹಾಕುವುದಕ್ಕೆ) ಕೈಹಾಕಿದರೆ ಎರಡೂ ಕೆಡುತ್ತವೆ.

ಬೇಕಾಗುವ ಸಾಮಾನು

ಒಂದು ಬುಟ್ಟಿ ಹಳೆಯ ಚೆಂಡು, ಗುರುತಿಗೆ ಇಡಲು 6 ಚಪ್ಪಟೆ ಕೋನ್, 3.5 ಮೀಟರ್ ಉದ್ದದ ಹಗ್ಗ, ಒಂದು ಅಳತೆ ಟೇಪ್. ನೆಟ್‌ನ ನಡುವಿನ ಎತ್ತರ 91.4 ಸೆಂಟಿಮೀಟರ್ ಇದೆಯೇ ಎಂದು ಆಟಕ್ಕೆ ಮೊದಲು ಅಳೆದು ನೋಡಿ. ನಡುಪಟ್ಟಿ ಸಡಿಲವಾಗಿ ನೆಟ್ ನಡುವಿನಲ್ಲೂ ಎತ್ತರವಾಗಿದ್ದರೆ ಅಭ್ಯಾಸದ ಲೆಕ್ಕವೆಲ್ಲ ತಪ್ಪುತ್ತದೆ.

ಹಂತ 1: ಅಂಕಣದ ಅಳತೆ ತಲೆಯಲ್ಲಿರಲಿ

ಡಬಲ್ಸ್ ಅಂಕಣದ ಅಗಲ 10.97 ಮೀಟರ್, ಉದ್ದ 23.77 ಮೀಟರ್. ಸಿಂಗಲ್ಸ್ ಅಂಕಣದ ಎರಡೂ ಬದಿಗೆ 1.37 ಮೀಟರ್ ಅಗಲದ ಪಟ್ಟಿ ಸೇರಿಕೊಳ್ಳುತ್ತದೆ. ಇದನ್ನೇ ಆ್ಯಲಿ ಎನ್ನುವುದು. ನೆಟ್‌ನಿಂದ ಸರ್ವಿಸ್ ಲೈನ್‌ಗೆ 6.4 ಮೀಟರ್.

ನೆಟ್ ಕಂಬದ ಬಳಿ 1.07 ಮೀಟರ್ ಎತ್ತರವಿದ್ದು ನಡುವಿಗೆ ಬರುವಾಗ ಸುಮಾರು 15 ಸೆಂಟಿಮೀಟರ್ ತಗ್ಗುತ್ತದೆ. ಮೂಲೆಯಿಂದ ಮೂಲೆಗೆ ಓರೆಯಾಗಿ ಹೊಡೆದರೆ ನೇರ ಹೊಡೆತಕ್ಕಿಂತ 2 ಮೀಟರಿಗೂ ಹೆಚ್ಚು ಜಾಗ ಸಿಗುತ್ತದೆ. ತಗ್ಗು ನೆಟ್, ಉದ್ದ ಅಂಕಣ, ಎದುರಾಳಿ ನೆಟ್ ಆಟಗಾರರಿಂದ ದೂರ: ಮೂರೂ ಕ್ರಾಸ್‌ಕೋರ್ಟ್ ಹೊಡೆತದಲ್ಲಿ ಒಟ್ಟಿಗೆ ಸಿಗುತ್ತವೆ. ಅನುಮಾನ ಬಂದಾಗಲೆಲ್ಲ ಕ್ರಾಸ್‌ಕೋರ್ಟ್ ಹೊಡೆಯಿರಿ ಎನ್ನುವುದು ಇದಕ್ಕೇ.

ಹಂತ 2: ಯಾರು ಯಾವ ಬದಿ, ಮೊದಲ ಸರ್ವ್ ಯಾರದು

ರಿಟರ್ನ್ ಮಾಡುವ ಬದಿಯನ್ನು ಒಂದು ಸೆಟ್ ಮುಗಿಯುವವರೆಗೆ ಬದಲಿಸುವಂತಿಲ್ಲ. ಸರ್ವ್ ಮಾಡುವ ಸರದಿಯೂ ಹಾಗೆಯೇ. ಎರಡನ್ನೂ ಹೊಸ ಸೆಟ್‌ನ ಆರಂಭದಲ್ಲಿ ಬದಲಿಸಬಹುದು. ಹಾಗಾಗಿ ಟಾಸ್‌ಗೆ ಮೊದಲೇ ತೀರ್ಮಾನ ಆಗಿರಬೇಕು.

ಬಲಗೈಯವರು ಇಬ್ಬರಿದ್ದರೆ ಬ್ಯಾಕ್‌ಹ್ಯಾಂಡ್ ರಿಟರ್ನ್ ಗಟ್ಟಿಯಿರುವವರು ಎಡಕ್ಕೆ, ಅಂದರೆ ಆ್ಯಡ್ ಕೋರ್ಟ್‌ಗೆ. 30-40, ಅಡ್ವಾಂಟೇಜ್ ಮುಂತಾದ ಬಿಸಿ ಪಾಯಿಂಟ್‌ಗಳು ಆ ಬದಿಯಲ್ಲೇ ಬೀಳುವುದರಿಂದ ಒತ್ತಡದಲ್ಲಿ ಕೈ ನಡುಗದವರಿಗೆ ಆ ಜಾಗ. ಒಬ್ಬರು ಎಡಗೈಯವರಾದರೆ ಎರಡು ದಾರಿಯಿದೆ. ಎಡಗೈಯವರು ಆ್ಯಡ್ ಕೋರ್ಟ್‌ನಲ್ಲಿ ನಿಂತರೆ ಇಬ್ಬರ ಫೋರ್‌ಹ್ಯಾಂಡೂ ಹೊರಬದಿಗೆ ಬಂದು ಅಗಲದ ಸರ್ವ್‌ಗೆ ರಿಟರ್ನ್ ಸುಲಭವಾಗುತ್ತದೆ. ಬಲಬದಿಯ ಡ್ಯೂಸ್ ಕೋರ್ಟ್‌ನಲ್ಲಿ ನಿಂತರೆ ಎರಡೂ ಫೋರ್‌ಹ್ಯಾಂಡ್ ನಡುವಿಗೆ ಬರುತ್ತವೆ. ಹವ್ಯಾಸಿ ಆಟದಲ್ಲಿ ಮೊದಲನೆಯದೇ ಹೆಚ್ಚು ಉಪಯೋಗ.

ಮೊದಲ ಸರ್ವ್ ಯಾರದೆಂದು ನೋಡುವಾಗ ಸರ್ವ್‌ನ ವೇಗವನ್ನಷ್ಟೇ ಲೆಕ್ಕ ಹಾಕಬೇಡಿ. ನೆಟ್ ಬಳಿ ಚುರುಕಾಗಿರುವ ಜೊತೆಗಾರರು ಮುಂದಿದ್ದರೆ ಸಾಧಾರಣ ಸರ್ವ್ ಕೂಡ ಗೇಮ್ ಉಳಿಸಿಕೊಳ್ಳುತ್ತದೆ.

ಹಂತ 3: ಸರ್ವ್ ಮಾಡುವಾಗ ಇಬ್ಬರ ಜಾಗ

ಸರ್ವ್ ಮಾಡುವವರು ಬೇಸ್‌ಲೈನ್‌ನ (ಅಂಕಣದ ಹಿಂದಿನ ಗೆರೆಯ) ನಡುಗುರುತಿನಿಂದ 2ರಿಂದ 2.5 ಮೀಟರ್ ಆಚೆ ನಿಲ್ಲಬೇಕು. ಸಿಂಗಲ್ಸ್ ಅಭ್ಯಾಸದಿಂದ ನಡುಗುರುತಿಗೆ ಅಂಟಿಕೊಂಡೇ ನಿಂತರೆ ಓರೆ ರಿಟರ್ನ್ ಬಂದಾಗ ಓಟ ದುಪ್ಪಟ್ಟಾಗುತ್ತದೆ.

ಜೊತೆಗಾರರ ಜಾಗ ತಮ್ಮ ಬದಿಯ ಸರ್ವಿಸ್ ಬಾಕ್ಸ್‌ನ (ನೆಟ್‌ಗೂ ಸರ್ವಿಸ್ ಲೈನ್‌ಗೂ ನಡುವಿನ ಚೌಕದ) ನಟ್ಟನಡುವೆ: ನೆಟ್‌ನಿಂದ ಸುಮಾರು 3 ಮೀಟರ್, ನಡುಗೆರೆಯಿಂದ 2 ಮೀಟರ್. ಅಲ್ಲೊಂದು ಕೋನ್ ಇಟ್ಟು ಮೊದಲ ಕೆಲವು ದಿನ ಅಲ್ಲಿಂದಲೇ ಶುರು ಮಾಡಿ. ಇಲ್ಲಿ ಆಗುವ ತಪ್ಪು ಎರಡು ಬಗೆ. ನೆಟ್‌ಗೆ ಮೂಗು ತಾಗುವಷ್ಟು ಹತ್ತಿರ ನಿಂತರೆ ಪ್ರತಿ ಲಾಬ್, ಅಂದರೆ ಎತ್ತರಕ್ಕೆ ಎತ್ತಿ ಹೊಡೆದ ಚೆಂಡು, ತಲೆ ಮೇಲೆ ಹೋಗುತ್ತದೆ. ಆ್ಯಲಿ ಕಾಯಲೆಂದು ಪಕ್ಕದ ಗೆರೆಯ ಮೇಲೆ ನಿಂತರೆ ನಡು ಪೂರ್ತಿ ತೆರೆದುಕೊಳ್ಳುತ್ತದೆ. ಆ್ಯಲಿಯಲ್ಲಿ ಆಗೊಮ್ಮೆ ಈಗೊಮ್ಮೆ ಒಂದು ಪಾಯಿಂಟ್ ಹೋಗಲಿ, ಪರವಾಗಿಲ್ಲ. ನೆಟ್‌ನ ಎತ್ತರದ ಭಾಗದ ಮೇಲಿಂದ ಕಿರಿದಾದ ಪಟ್ಟಿಗೆ ಹೊಡೆಯುವ ಕಷ್ಟ ಎದುರಾಳಿಯ ಪಾಲಿಗಿರಲಿ.

ಸರ್ವ್ ಹೋದ ದಿಕ್ಕಿಗೆ ತಕ್ಕಂತೆ ನೆಟ್ ಆಟಗಾರರು ಒಂದು ಹೆಜ್ಜೆ ಸರಿಯಬೇಕು. ಟಿ, ಅಂದರೆ ನಡುಗೆರೆ ಸರ್ವಿಸ್ ಲೈನ್‌ಗೆ ಸೇರುವ ಜಾಗದ ಕಡೆಗೆ ಸರ್ವ್ ಹೋದರೆ ರಿಟರ್ನ್‌ಗೆ ಅಗಲದ ಕೋನ ಸಿಗದು, ನಡುವಿಗೆ ಸರಿಯಿರಿ. ಅಗಲಕ್ಕೆ ಹೋದರೆ ಎದುರಾಳಿಗೆ ಆ್ಯಲಿ ಕಾಣಿಸುತ್ತದೆ, ಆ ಬದಿಗೆ ಸರಿಯಿರಿ. ಎಲ್ಲಿಗೆ ಸರ್ವ್ ಎಂದು ಪಾಯಿಂಟ್‌ಗೆ ಮೊದಲೇ ಮಾತಾಗಿದ್ದರೆ ಮಾತ್ರ ಈ ಹೆಜ್ಜೆ ಸಮಯಕ್ಕೆ ಬೀಳುತ್ತದೆ. ಸರ್ವ್‌ನ ಗುರಿ ಅಷ್ಟು ಕೈವಶವಾಗಿಲ್ಲದಿದ್ದರೆ ಎಲ್ಲವನ್ನೂ ಟಿ ಅಥವಾ ಎದುರಾಳಿಯ ಮೈ ಕಡೆಗೇ ಹಾಕಿ. ವೇಗ ಕಡಿಮೆ ಮಾಡಿಯಾದರೂ ಮೊದಲ ಸರ್ವ್ ಒಳಗೆ ಬೀಳುವಂತೆ ನೋಡಿಕೊಳ್ಳಿ. ಎರಡನೇ ಸರ್ವ್ ಬಂತೆಂದರೆ ರಿಟರ್ನ್ ಮಾಡುವವರು ಎರಡು ಹೆಜ್ಜೆ ಮುಂದೆ ಬರುತ್ತಾರೆ, ಪೆಟ್ಟು ಬೀಳುವುದು ನಿಮ್ಮ ನೆಟ್ ಆಟಗಾರರಿಗೆ.

ಸರ್ವ್ ಮಾಡಿದ ಚೆಂಡು ಸ್ವಂತ ಜೊತೆಗಾರರಿಗೆ ತಾಗಿದರೆ ಅದು ಫಾಲ್ಟ್. ಪುಟಿಯುವ ಮೊದಲೇ ಎದುರಾಳಿ ಜೋಡಿಯಲ್ಲಿ ಯಾರಿಗೆ ತಾಗಿದರೂ ಪಾಯಿಂಟ್ ನಿಮ್ಮದು.

ಹಂತ 4: ರಿಟರ್ನ್ ಮಾಡುವವರ ಜೊತೆಗಾರರು, ಅತ್ಯಂತ ಕಷ್ಟದ ಜಾಗ

ಹವ್ಯಾಸಿ ಆಟದಲ್ಲಿ ಹೆಚ್ಚು ಕೆಡುವ ಜಾಗ ಇದು. ನಿಲ್ಲಬೇಕಾದದ್ದು ಸರ್ವಿಸ್ ಲೈನ್ ಮೇಲೆ, ಬಾಕ್ಸ್‌ನ ನಡುವಿಗಿಂತ ಒಂದು ಹೆಜ್ಜೆ ಒಳಕ್ಕೆ. ಮೊದಲ ಕೆಲಸ, ಸರ್ವ್ ಸರ್ವಿಸ್ ಲೈನ್‌ನ ಒಳಗೆ ಬಿತ್ತೋ ಹೊರಗೋ ಎಂದು ಕೂಗಿ ಹೇಳುವುದು. ಆ ಗೆರೆ ನಿಮ್ಮಷ್ಟು ಚೆನ್ನಾಗಿ ಇನ್ಯಾರಿಗೂ ಕಾಣದು.

ಅದು ಮುಗಿದ ಕೂಡಲೇ ಕಣ್ಣು ಎಲ್ಲಿಗೆ ಹೋಗಬೇಕು? ಬಹುತೇಕರು ತಿರುಗಿ ತಮ್ಮ ಜೊತೆಗಾರರು ರಿಟರ್ನ್ ಹೇಗೆ ಹೊಡೆಯುತ್ತಾರೆಂದು ನೋಡುತ್ತಾರೆ. ಅಷ್ಟರಲ್ಲಿ ಎದುರಾಳಿ ನೆಟ್ ಆಟಗಾರರು ಚೆಂಡಿಗೆ ಅಡ್ಡ ಬಂದು ಕಾಲಬುಡಕ್ಕೆ ಹೊಡೆದಿರುತ್ತಾರೆ. ತಿರುಗಿ ನೋಡಬೇಡಿ. ಎದುರಿನ ನೆಟ್ ಆಟಗಾರರ ರಾಕೆಟ್ ಮತ್ತು ಭುಜ ನೋಡುತ್ತಿರಿ. ರಿಟರ್ನ್ ಎತ್ತ ಹೋಗುತ್ತಿದೆ ಎನ್ನುವುದು ಅವರ ಮೈಯಲ್ಲೇ ಗೊತ್ತಾಗುತ್ತದೆ.

ಅವರು ಚೆಂಡಿನತ್ತ ನುಗ್ಗಿದರೆ ಮುಂದೆ ಹೋಗಬೇಡಿ. ಮೊಣಕಾಲು ಬಾಗಿಸಿ, ರಾಕೆಟ್ ತಲೆಯನ್ನು ಮುಂದಕ್ಕೆ ತಗ್ಗಿಸಿ, ಸಮಯವಿದ್ದರೆ ನಡುವಿನತ್ತ ಅರ್ಧ ಹೆಜ್ಜೆ ಹಾಕಿ. ನಿಮಗೂ ರಿಟರ್ನ್ ಮಾಡಿದವರಿಗೂ ನಡುವೆ ಇರುವ ಓರೆ ಸಂದೇ ಅವರ ಮೊದಲ ಗುರಿ. ಅವರು ಹೊಡೆಯುವ ಗಳಿಗೆಯಲ್ಲಿ ಎರಡೂ ಕಾಲು ನೆಲದ ಮೇಲೆ ಸ್ಥಿರವಾಗಿರಬೇಕು.

ರಿಟರ್ನ್ ಅವರನ್ನು ದಾಟಿ ಸರ್ವ್ ಮಾಡಿದವರ ಬಳಿಗೆ ಹೋಯಿತೋ, ಆ ಕೂಡಲೇ ಓರೆಯಾಗಿ ಮುಂದಕ್ಕೆ 3 ಮೀಟರ್, ಬಾಕ್ಸ್‌ನ ನಡುವಿಗೆ ಬನ್ನಿ. ಈಗ ಅಡ್ಡ ಹಾಕುವ ಸರದಿ ನಿಮ್ಮದು. ಎದುರಾಳಿ ಮರಳಿ ಹೊಡೆದ ಚೆಂಡು ನಿಮ್ಮನ್ನು ದಾಟಿ ಹಿಂದೆ ಹೋದರೆ ಮತ್ತೆ ಸರ್ವಿಸ್ ಲೈನ್‌ಗೆ ಇಳಿಯಿರಿ. ಚೆಂಡು ಒಮ್ಮೆ ಅತ್ತ, ಒಮ್ಮೆ ಇತ್ತ; ನೀವು ಒಮ್ಮೆ ಮುಂದೆ, ಒಮ್ಮೆ ಹಿಂದೆ. ಸರ್ವ್ ಮಾಡುವ ಜೋಡಿಯ ನೆಟ್ ಆಟಗಾರರಿಗೂ ಇದೇ ಓಡಾಟ ಅನ್ವಯ. ಒಂದು ಉದ್ದದ ರ್‍ಯಾಲಿ ಮುಗಿದಾಗ ನೆಟ್ ಬಳಿಯವರಿಗೆ ಏದುಸಿರು ಬಂದಿಲ್ಲವೆಂದರೆ ಅವರು ನಿಂತೇ ಇದ್ದರೆಂದು ಅರ್ಥ.

ಎದುರಾಳಿಯ ಸರ್ವ್ ತೀರಾ ಬಿರುಸಾಗಿದ್ದು ರಿಟರ್ನ್‌ಗಳೆಲ್ಲ ಅವರ ನೆಟ್ ಆಟಗಾರರ ಕೈಗೇ ಹೋಗುತ್ತಿದ್ದರೆ ಇಬ್ಬರೂ ಬೇಸ್‌ಲೈನ್‌ಗೆ ಇಳಿದು ಆಡಿ. ಅದರಲ್ಲಿ ಅವಮಾನವೇನಿಲ್ಲ, ಎದುರಿನವರ ಸುಲಭ ಗುರಿ ಅಲ್ಲಿಗೆ ತಪ್ಪುತ್ತದೆ.

ಹಂತ 5: ರಿಟರ್ನ್ ಎಲ್ಲಿಗೆ

ಮೂರೇ ಆಯ್ಕೆ ಸಾಕು, ಅದೂ ಇದೇ ಅನುಕ್ರಮದಲ್ಲಿ. ಮೊದಲನೆಯದು, ನೆಟ್‌ನ ನಡುಪಟ್ಟಿಯ ಮೇಲಿಂದ ತಗ್ಗಾಗಿ ಕ್ರಾಸ್‌ಕೋರ್ಟ್. ಸರ್ವ್ ಮಾಡಿದವರು ಹಿಂದೆಯೇ ಉಳಿದರೆ ಆಳಕ್ಕೆ, ನೆಟ್‌ಗೆ ನುಗ್ಗಿ ಬರುತ್ತಿದ್ದರೆ ಅವರ ಕಾಲಬುಡಕ್ಕೆ. ಎರಡನೆಯದು, ನೆಟ್ ಆಟಗಾರರ ಬ್ಯಾಕ್‌ಹ್ಯಾಂಡ್ ಭುಜದ ಮೇಲಿಂದ ಲಾಬ್. ಮೂರನೆಯದು ಆ್ಯಲಿ. ಅದನ್ನು ಮೊದಲ ಎರಡು ಗೇಮ್‌ಗಳಲ್ಲಿ ಒಮ್ಮೆ ಬೇಕೆಂದೇ ಹೊಡೆಯಿರಿ. ಪಾಯಿಂಟ್ ಬರದಿದ್ದರೂ ಎದುರಿನವರು ನಡುವಿಗೆ ನುಗ್ಗಲು ಹಿಂಜರಿಯುತ್ತಾರೆ.

ಅವರು ಅಡ್ಡ ಬರುತ್ತಿರುವುದನ್ನು ಕಂಡು ಹೊಡೆತದ ನಡುವೆ ಗುರಿ ಬದಲಿಸುವುದೇ ರಿಟರ್ನ್‌ನ ದೊಡ್ಡ ತಪ್ಪು. ಚೆಂಡು ನೆಟ್‌ಗೋ ಬೇಲಿಗೋ ಹೋಗುತ್ತದೆ. ಸರ್ವ್‌ಗೆ ಮೊದಲೇ ಗುರಿ ತೀರ್ಮಾನಿಸಿ, ಅದಕ್ಕೇ ಹೊಡೆಯಿರಿ.

ಹಂತ 6: ಪೋಚಿಂಗ್

ಜೊತೆಗಾರರಿಗೆ ಹೋಗಬೇಕಿದ್ದ ಚೆಂಡನ್ನು ನೆಟ್ ಬಳಿ ಅಡ್ಡಹಾಕಿ ಹೊಡೆಯುವುದು ಪೋಚಿಂಗ್. ಬಲಗೈಯವರು ಡ್ಯೂಸ್ ಕೋರ್ಟ್ ಸರ್ವ್ ಮೇಲೆ ಮೊದಲು ಕಲಿಯಲಿ, ಆಗ ಫೋರ್‌ಹ್ಯಾಂಡ್ ವಾಲಿ (ಪುಟಿಯುವ ಮೊದಲೇ ಹೊಡೆಯುವ ಹೊಡೆತ) ಸಿಗುತ್ತದೆ. ಆ್ಯಡ್ ಬದಿಯಲ್ಲಿ ಬ್ಯಾಕ್‌ಹ್ಯಾಂಡ್ ವಾಲಿ ಹೊಡೆಯಬೇಕಾಗುತ್ತದೆ.

ಸರ್ವ್ ಎದುರಿನ ಬಾಕ್ಸ್‌ನಲ್ಲಿ ಪುಟಿಯುವಾಗ ಕಾಲಬೆರಳುಗಳ ಮೇಲೆ ಸಣ್ಣಗೆ ಜಿಗಿದು ಇಳಿಯಿರಿ. ರಿಟರ್ನ್ ಮಾಡುವವರ ಕಣ್ಣು ಚೆಂಡಿಗೆ ಅಂಟಿ ರಾಕೆಟ್ ಮುಂದಕ್ಕೆ ಬೀಸತೊಡಗಿದ ಗಳಿಗೆಯಲ್ಲೇ ಹೊರಡಿ. ಅದಕ್ಕೆ ಮೊದಲು ಹೊರಟರೆ ಆ್ಯಲಿಗೆ ಹೊಡೆಯುತ್ತಾರೆ, ತಡವಾದರೆ ಚೆಂಡು ದಾಟಿಹೋಗಿರುತ್ತದೆ. ಹೊರಡುವುದು ನೆಟ್‌ಗೆ ಸಮಾಂತರವಾಗಿ ಪಕ್ಕಕ್ಕಲ್ಲ, ನಡುಪಟ್ಟಿಯತ್ತ ಓರೆಯಾಗಿ ಮುಂದಕ್ಕೆ. ಪಕ್ಕಕ್ಕೆ ಓಡಿದವರಿಗೆ ಚೆಂಡು ನೆಟ್‌ಗಿಂತ ಕೆಳಗೆ ಸಿಗುತ್ತದೆ, ಮುಂದಕ್ಕೆ ಓಡಿದವರಿಗೆ ಅದೇ ಚೆಂಡು ಎದೆಮಟ್ಟದಲ್ಲಿ ಸಿಗುತ್ತದೆ.

ಕಾಂಟಿನೆಂಟಲ್ ಹಿಡಿತದಲ್ಲಿ, ಅಂದರೆ ಸುತ್ತಿಗೆ ಹಿಡಿದಂತೆ ಹಿಡಿದು, ರಾಕೆಟ್ ಮುಂದಿರಲಿ, ಬೀಸಬೇಡಿ, ತಳ್ಳಿದರೆ ಸಾಕು. ಚೆಂಡು ನೆಟ್‌ಗಿಂತ ಮೇಲಿದ್ದರೆ ಹತ್ತಿರದ ಎದುರಾಳಿಯ ಕಾಲಬುಡಕ್ಕೆ ಅಥವಾ ಇಬ್ಬರ ನಡುವಿನ ಸಂದಿಗೆ. ನೆಟ್‌ಗಿಂತ ಕೆಳಗಿದ್ದರೆ ದೂರದ ಎದುರಾಳಿಗೆ ಆಳವಾಗಿ. ಈ ಒಂದು ನಿಯಮ ಎಲ್ಲ ವಾಲಿಗಳಿಗೂ ಸಲ್ಲುತ್ತದೆ. ತಗ್ಗಿನ ಚೆಂಡನ್ನು ಎತ್ತಿ ಹತ್ತಿರದವರಿಗೆ ಕೊಟ್ಟರೆ ಅವರು ನಿಮ್ಮ ಮೈಮೇಲೇ ಹೊಡೆಯುತ್ತಾರೆ.

ಹೊರಟ ಮೇಲೆ ನಡುವಿನಲ್ಲಿ ನಿಲ್ಲಬೇಡಿ. ನಡುಗೆರೆ ದಾಟಿದರೆ ಆಚೆ ಬದಿಗೇ ಹೋಗಿ, ಸರ್ವ್ ಮಾಡಿದ ಜೊತೆಗಾರರು ನೀವು ಬಿಟ್ಟ ಬದಿಗೆ ಬರಲಿ. ಗೆರೆ ದಾಟದಿದ್ದರೆ ಹಿಂದಿರುಗಿ. ಬೆನ್ನ ಹಿಂದೆ ಬೆರಳಿನ ಸನ್ನೆಯಲ್ಲಿ ಮೊದಲೇ ತಿಳಿಸುವುದು ಒಳ್ಳೆಯದು: ಮುಷ್ಟಿ ಎಂದರೆ ನಿಲ್ಲುತ್ತೇನೆ, ಬಿಚ್ಚಿದ ಅಂಗೈ ಎಂದರೆ ದಾಟುತ್ತೇನೆ. ಇನ್ನೊಂದು ಎಚ್ಚರಿಕೆ: ಚೆಂಡು ನೆಟ್ ದಾಟಿ ನಿಮ್ಮ ಬದಿಗೆ ಬರುವ ಮೊದಲೇ ಹೊಡೆದರೆ, ಆಟ ನಡೆಯುತ್ತಿರುವಾಗ ಮೈಯೋ ರಾಕೆಟ್ಟೋ ನೆಟ್‌ಗೆ ತಾಗಿದರೆ ಪಾಯಿಂಟ್ ಹೋಗುತ್ತದೆ.

ಹಂತ 7: ಇಬ್ಬರೂ ನೆಟ್‌ಗೆ ಬಂದಾಗ

ಗಿಡ್ಡ ಚೆಂಡು ಸಿಕ್ಕಾಗ ಹಿಂದಿನವರು ಅದನ್ನು ಆಳವಾಗಿ ನಡುವಿಗೆ ಹೊಡೆದು ಮುಂದೆ ಬರಬೇಕು. ಓಡುತ್ತಲೇ ವಾಲಿ ಹೊಡೆಯಲು ಹೋಗಬೇಡಿ. ಎದುರಾಳಿ ಹೊಡೆಯುವ ಗಳಿಗೆಗೆ ಸರ್ವಿಸ್ ಲೈನ್ ಬಳಿ ಎಲ್ಲಿದ್ದರೆ ಅಲ್ಲೇ ಕಾಲೂರಿ ನಿಂತು, ಮೊದಲ ವಾಲಿ ಹೊಡೆದು, ಆಮೇಲೆ ಉಳಿದ ದೂರ ಸಾಗಿ. ಬೇಸ್‌ಲೈನ್ ಮತ್ತು ಸರ್ವಿಸ್ ಲೈನ್ ನಡುವಿನ ಜಾಗದಲ್ಲಿ ಕಾಯುತ್ತಾ ನಿಂತರೆ ಪ್ರತಿ ಚೆಂಡೂ ಕಾಲಬುಡದಲ್ಲೇ ಬೀಳುತ್ತದೆ. ಅದು ದಾಟಿಹೋಗುವ ಜಾಗ, ನಿಲ್ಲುವ ಜಾಗವಲ್ಲ.

ನೆಟ್ ಬಳಿ ಇಬ್ಬರ ನಡುವೆ ಸುಮಾರು 3.5 ಮೀಟರ್ ಅಂತರವಿರಲಿ. ಚೆಂಡು ಎದುರಿನ ಬಲಮೂಲೆಗೆ ಹೋದರೆ ಇಬ್ಬರೂ ಅತ್ತ ಸರಿಯಬೇಕು, ಎಡಮೂಲೆಗೆ ಹೋದರೆ ಇತ್ತ. ಚೆಂಡಿನ ನೇರಕ್ಕಿರುವವರು ಆ್ಯಲಿ ಕಾಯುತ್ತಾರೆ, ಓರೆಯಲ್ಲಿರುವವರು ನಡು ಕಾಯುತ್ತಾರೆ. ದೂರದ ಕಡೆಯ ಆ್ಯಲಿ ಬರಿದಾಗಿಯೇ ಉಳಿಯುತ್ತದೆ, ಉಳಿಯಲಿ.

ನಡುವಿಗೆ ಬಂದ ಚೆಂಡು ಯಾರದು ಎಂಬ ಜಗಳಕ್ಕೂ ಉತ್ತರ ಇಲ್ಲೇ ಇದೆ: ಓರೆಯಲ್ಲಿರುವವರದು. ಫೋರ್‌ಹ್ಯಾಂಡ್ ಇರುವವರೇ ಹೊಡೆಯಲಿ ಎಂಬ ಒಪ್ಪಂದವೂ ನಡೆಯುತ್ತದೆ, ಆದರೆ ಚೆಂಡು ತೀರಾ ಅಗಲದಿಂದ ಬಂದಾಗ ಅದು ಕೈಕೊಡುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೊಂಡು ಪಂದ್ಯ ಮುಗಿಯುವವರೆಗೆ ಬದಲಿಸದಿರುವುದು ಮುಖ್ಯ.

ಹಂತ 8: ಲಾಬ್ ಬಂದಾಗ, ಲಾಬ್ ಹೊಡೆದಾಗ

ತಲೆ ಮೇಲೆ ಲಾಬ್ ಹೋದವರು ಎರಡು ಮೂರು ಹೆಜ್ಜೆಯಲ್ಲಿ ಮುಟ್ಟುವಂತಿದ್ದರೆ "ಮೈನ್" ಎಂದು ಕೂಗಿ ತಾವೇ ಹೊಡೆಯಬೇಕು. ಆಗದಿದ್ದರೆ "ಸ್ವಿಚ್" ಎಂದು ಕೂಗಿ ಪಕ್ಕದ ಬದಿಗೆ ಹೋಗಬೇಕು, ಜೊತೆಗಾರರು ಓರೆಯಾಗಿ ಹಿಂದೆ ಓಡಿ ಚೆಂಡು ತೆಗೆಯುತ್ತಾರೆ. ಬದಿ ಬದಲಿಸಿದವರು ನೆಟ್ ಬಳಿಯೇ ಉಳಿಯದೆ ಸರ್ವಿಸ್ ಲೈನ್‌ಗೆ ಇಳಿಯಲಿ, ಏಕೆಂದರೆ ಮುಂದಿನ ಚೆಂಡಿನಲ್ಲಿ ದಾಳಿ ಎದುರಿನವರದು. ಕೂಗು ಚೆಂಡು ನೆಟ್ ದಾಟುವ ಮೊದಲೇ ಬರಬೇಕು. ತಡವಾದ ಕೂಗಿನಿಂದ ಇಬ್ಬರೂ ಓಡುತ್ತಾರೆ, ಇಲ್ಲವೇ ಇಬ್ಬರೂ ನಿಲ್ಲುತ್ತಾರೆ.

ಸ್ಮ್ಯಾಶ್‌ಗೆ ಹಿಂದೆ ಹೋಗುವಾಗ ಎದುರುಮುಖವಾಗಿ ಹಿಮ್ಮಡಿಯ ಮೇಲೆ ಹಿಂದಕ್ಕೆ ಓಡಲೇಬೇಡಿ. ಹವ್ಯಾಸಿಗಳು ಬೆನ್ನಡಿಯಾಗಿ ಬಿದ್ದು ಮಣಿಕಟ್ಟು, ತಲೆಗೆ ಪೆಟ್ಟು ಮಾಡಿಕೊಳ್ಳುವುದು ಹೀಗೆಯೇ. ಬಲಗೈಯವರು ಮೊದಲು ಬಲಗಾಲನ್ನು ಹಿಂದಿಟ್ಟು ಮೈಯನ್ನು ಪಕ್ಕಕ್ಕೆ ತಿರುಗಿಸಿ, ಅಡ್ಡಹೆಜ್ಜೆಯಲ್ಲಿ ಹಿಂದೆ ಸಾಗಿ, ಎಡಗೈ ಬೆರಳನ್ನು ಚೆಂಡಿನತ್ತ ಎತ್ತಿ ಹಿಡಿಯಬೇಕು. ಕಾಲಿನ ಬಳಿ ಬಿಡಿ ಚೆಂಡು ಉರುಳುತ್ತಿದ್ದರೆ ಆಟ ನಿಲ್ಲಿಸಿ ಅದನ್ನು ತೆಗೆಯಿರಿ.

ನಿಮ್ಮ ಲಾಬ್ ಎದುರಾಳಿ ನೆಟ್ ಆಟಗಾರರನ್ನು ದಾಟಿ ಹಿಂದೆ ಪುಟಿದರೆ ಇಬ್ಬರೂ ಮುಂದೆ ಬನ್ನಿ. ಆದರೆ ಮಾಮೂಲಿ ಜಾಗಕ್ಕಿಂತ ಒಂದು ಹೆಜ್ಜೆ ಹಿಂದೆಯೇ ನಿಲ್ಲಿ, ಸಿಕ್ಕಿಬಿದ್ದವರ ಉತ್ತರ ಸಾಮಾನ್ಯವಾಗಿ ಇನ್ನೊಂದು ಲಾಬ್. ಲಾಬ್ ಗಿಡ್ಡವಾಯಿತೆಂದು ಗೊತ್ತಾದರೆ "ಶಾರ್ಟ್" ಎಂದು ಕೂಗಿ, ಜೊತೆಗಾರರು ಹಿಂದಕ್ಕೆ ಓಡಲಿ. ಸ್ಮ್ಯಾಶ್ ಬೀಳುವ ಗಳಿಗೆಗೆ ಎಲ್ಲಿದ್ದರೂ ನಿಂತುಬಿಡಬೇಕು, ಓಡುತ್ತಿರುವವರ ಕೈಗೆ ಚೆಂಡು ಸಿಗುವುದು ಕಡಿಮೆ.

ಹಂತ 9: ಸರ್ವ್‌ಗೆ ಬೇರೆ ರಚನೆಗಳು

ಎದುರಾಳಿಯ ಕ್ರಾಸ್‌ಕೋರ್ಟ್ ರಿಟರ್ನ್ ತಡೆಯಲಾಗದಷ್ಟು ಚೆನ್ನಾಗಿದ್ದರೆ ಮಾತ್ರ ಇವು. ಆಸ್ಟ್ರೇಲಿಯನ್ ರಚನೆಯಲ್ಲಿ ನೆಟ್ ಆಟಗಾರರು ಸರ್ವ್ ಮಾಡುವವರ ಬದಿಯಲ್ಲೇ ಮುಂದೆ ನಿಲ್ಲುತ್ತಾರೆ. ಸರ್ವ್ ಮಾಡುವವರು ನಡುಗುರುತಿನ ಬಳಿಯಿಂದ ಹೊಡೆದು ಖಾಲಿ ಬದಿಗೆ ಓಡುತ್ತಾರೆ. ಐ ರಚನೆಯಲ್ಲಿ ನೆಟ್ ಆಟಗಾರರು ನಡುಗೆರೆಯ ಮೇಲೆ ನೆಟ್‌ಗಿಂತ ಕೆಳಗೆ ತಲೆ ಬರುವಂತೆ ಕುಕ್ಕರಿಸಿ, ಸನ್ನೆಯಲ್ಲಿ ಹೇಳಿದ ಬದಿಗೆ ಸಿಡಿಯುತ್ತಾರೆ. ಎರಡರಲ್ಲೂ ಸರ್ವ್ ಟಿ ಕಡೆಗೇ ಬೀಳಬೇಕು. ಮೊಣಕಾಲು ನೋವಿದ್ದವರು ಐ ರಚನೆಯ ಗೋಜಿಗೆ ಹೋಗದಿರುವುದು ಲೇಸು.

ಎಚ್ಚರಿಕೆಯ ಸೂಚನೆಗಳು

ಆಟದ ನಡುವೆ ಇವು ಎರಡು ಮೂರು ಸಲ ಕಂಡರೆ ಬದಿ ಬದಲಿಸುವ ವಿರಾಮದಲ್ಲೇ ಸರಿಪಡಿಸಿ.

ಇಬ್ಬರ ನಡುವೆ ಚೆಂಡು ಹಾದುಹೋಗುತ್ತಿದೆ: ನೆಟ್ ಬಳಿಯವರು ಆ್ಯಲಿಗೆ ಅಂಟಿದ್ದಾರೆ, ಇಲ್ಲವೇ ಹಿಂದಿನವರ ಚೆಂಡಿನ ಜೊತೆ ಸರಿಯುತ್ತಿಲ್ಲ.

ಲಾಬ್‌ಗೆ ಪದೇ ಪದೇ ಪಾಯಿಂಟ್ ಹೋಗುತ್ತಿದೆ: ನೆಟ್‌ಗೆ ತೀರಾ ಹತ್ತಿರ ನಿಂತಿದ್ದೀರಿ. ಒಂದು ಮೀಟರ್ ಹಿಂದೆ ಬನ್ನಿ. ಹಿಂದಿನವರ ಹೊಡೆತ ಗಿಡ್ಡವಾಗಿ ಎದುರಾಳಿಗೆ ಲಾಬ್ ಎತ್ತಲು ಬಿಡುವು ಸಿಗುತ್ತಿದೆಯೇ ಎಂದೂ ನೋಡಿ.

ರಿಟರ್ನ್ ಮಾಡುವವರ ಜೊತೆಗಾರರ ಮೈಗೆ ಚೆಂಡು ಬಡಿಯುತ್ತಿದೆ: ಅವರು ತಿರುಗಿ ನೋಡುತ್ತಿದ್ದಾರೆ, ಅಥವಾ ರಿಟರ್ನ್ ನೆಟ್ ಆಟಗಾರರ ಕೈಗೇ ಹೋಗುತ್ತಿದೆ. ಕಣ್ಣಿನ ರಕ್ಷಣೆಗೆ ಕನ್ನಡಕ ಹಾಕಿದರೂ ಒಳ್ಳೆಯದೇ, ಆದರೆ ಮೊದಲು ಕಾರಣ ಹುಡುಕಿ.

ನೆಟ್ ಬಳಿಯವರು ಇಡೀ ಗೇಮ್‌ನಲ್ಲಿ ಚೆಂಡನ್ನೇ ಮುಟ್ಟಿಲ್ಲ: ಹಿಂದಿನವರೊಬ್ಬರೇ ಸಿಂಗಲ್ಸ್ ಆಡುತ್ತಿದ್ದಾರೆ. ಮುಂದಿನ ಗೇಮ್‌ನಲ್ಲಿ ಒಮ್ಮೆಯಾದರೂ ದಾಟುವುದೆಂದು ಮಾತಾಡಿಕೊಳ್ಳಿ.

ಪಾಯಿಂಟ್‌ಗಳ ನಡುವೆ ಇಬ್ಬರೂ ಮಾತಾಡುತ್ತಿಲ್ಲ: ಇದು ಎಲ್ಲಕ್ಕಿಂತ ಕೆಟ್ಟ ಸೂಚನೆ. ಬಯ್ಗುಳವೂ ವಿಶ್ಲೇಷಣೆಯೂ ಬೇಡ, ಮುಂದಿನ ಸರ್ವ್ ಎಲ್ಲಿಗೆ, ರಿಟರ್ನ್ ಎಲ್ಲಿಗೆ ಎಂಬ ಎರಡು ಮಾತು ಸಾಕು.

ಹಂತ 10: ಅಭ್ಯಾಸದ ಕ್ರಮ

ಹಗ್ಗದಿಂದ ಶುರು ಮಾಡಿ. ಇಬ್ಬರೂ ನೆಟ್ ಬಳಿ ನಿಂತು, ರಾಕೆಟ್ ಹಿಡಿಯದ ಕೈಯಲ್ಲಿ ಹಗ್ಗದ ಒಂದೊಂದು ತುದಿ ಹಿಡಿಯಿರಿ. ಸೊಂಟಕ್ಕೆ ಕಟ್ಟಿಕೊಂಡರೆ ಎಡವಿ ಬೀಳುತ್ತೀರಿ. ಮೂರನೆಯವರು ಎದುರಿನ ಬೇಸ್‌ಲೈನ್ ಮೇಲೆ ಚೆಂಡು ಹಿಡಿದು ಅತ್ತಿತ್ತ ನಡೆಯಲಿ. ಹಗ್ಗ ಬಿಗಿಯಲೂಬಾರದು, ನೆಲಕ್ಕೆ ತಾಗಲೂಬಾರದು, ಹಾಗೆ ಅವರ ಜೊತೆ ಸರಿಯಿರಿ. 5 ನಿಮಿಷ ಮಾಡಿದರೆ ಅಂತರ ಮೈಗೆ ಹತ್ತುತ್ತದೆ.

ಆಮೇಲೆ ಅರ್ಧ ಅಂಕಣದ ಓರೆ ಆಟ. ಇಬ್ಬರೇ, ಆ್ಯಲಿ ಸೇರಿಸಿ, ಕ್ರಾಸ್‌ಕೋರ್ಟ್‌ನಲ್ಲಿ ಮಾತ್ರ 11 ಪಾಯಿಂಟ್. ಆಚೆ ಅರ್ಧಕ್ಕೆ ಬಿದ್ದ ಚೆಂಡು ಹೊರಗೆಂದೇ ಲೆಕ್ಕ. ಡ್ಯೂಸ್ ಬದಿಯಲ್ಲಿ ಒಂದು ಸಲ, ಆ್ಯಡ್ ಬದಿಯಲ್ಲಿ ಒಂದು ಸಲ.

ಕೊನೆಯದಾಗಿ ನಾಲ್ವರೂ ಸೇರಿ ಪೂರ್ತಿ ಗೇಮ್, ಒಂದು ಷರತ್ತಿನೊಂದಿಗೆ: ನೆಟ್ ಆಟಗಾರರು ವಾಲಿಯಲ್ಲಿ ಗೆದ್ದ ಪಾಯಿಂಟ್‌ಗೆ ಎರಡು ಅಂಕ. ಈ ಆಟದಲ್ಲಿ ನೆಟ್ ಬಳಿಯವರು ಪ್ರತಿ ಹೊಡೆತಕ್ಕೂ ಮುಂದೆ ಹಿಂದೆ ಸರಿಯುತ್ತಿದ್ದಾರೆಯೇ ಎಂದು ಹೊರಗೆ ನಿಂತ ಒಬ್ಬರು ನೋಡುತ್ತಿದ್ದು, ನಿಂತಲ್ಲೇ ನಿಂತಾಗಲೆಲ್ಲ ಹೆಸರು ಹಿಡಿದು ಕೂಗಲಿ.